ಆ ಒಂದು ಸಾಲಿಗೆ ಹೊಣೆ ಯಾರು?

ಬಜೆಟ್ ಮಂಡನೆಯಾದ ಮರುದಿನ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ನಡೆಯುವ ಚರ್ಚೆ ಒಂದೇ. ನಮ್ಮ ಜಿಲ್ಲೆಗೆ ಏನು ಸಿಕ್ಕಿತು? ಎತ್ತಿನಹೊಳೆ ನೀರಿನ ಯೋಜನೆಗೆ ಎಷ್ಟು ಕೋಟಿ ಇಟ್ಟರು, ರೇಷ್ಮೆಗೂಡಿನ ಮಾರುಕಟ್ಟೆಗೆ ದುಡ್ಡು ಬಂತೇ, ರಸ್ತೆ ಯಾವ ಊರಿಗೆ ಹೋಯಿತು. ಸಿಕ್ಕಿದ್ದನ್ನು ಆಡಳಿತ ಪಕ್ಷದವರು ಸಾರುತ್ತಾರೆ, ಸಿಗದ್ದನ್ನು ವಿರೋಧ ಪಕ್ಷದವರು ಎಣಿಸುತ್ತಾರೆ. ಇದರ ಜೊತೆಗೆ ಓದಿಕೊಂಡವರ ನಡುವೆ ಇನ್ನೊಂದು ಮಾತು ಚಲಾವಣೆಯಲ್ಲಿದೆ: ಸರ್ಕಾರಗಳು ತಮಗೆ ಬೇಕಾದ್ದನ್ನು ಬಜೆಟ್ ಮಸೂದೆಯೊಳಗೆ ಗುಟ್ಟಾಗಿ ತೂರಿಸಿಬಿಡುತ್ತವೆ, ನಮಗೆ ತಿಳಿಯುವಷ್ಟರಲ್ಲಿ ಅದು ಕಾನೂನಾಗಿರುತ್ತದೆ.

ಈ ಎರಡು ಅಭಿಪ್ರಾಯಗಳನ್ನೂ ನಾನು ಒಪ್ಪುವುದಿಲ್ಲ. ಮೊದಲನೆಯದು ನಮ್ಮ ಕಣ್ಣನ್ನು ಬೇರೆ ಕಡೆ ತಿರುಗಿಸುತ್ತದೆ. ಎರಡನೆಯದು ಸರಿಯೆಂದು ತೋರುತ್ತಲೇ ತಪ್ಪು ಮಾಡಿದವರನ್ನು ಬಚಾವು ಮಾಡುತ್ತದೆ. ನಮ್ಮ ತಾಲ್ಲೂಕುಗಳ ಬದುಕನ್ನು ಅಲುಗಾಡಿಸಿದ ಸಾಲುಗಳು ಗುಟ್ಟಾಗಿ ಬಂದವಲ್ಲ. ಅಚ್ಚಾಗಿ, ಸದನದಲ್ಲಿ ಗಟ್ಟಿಯಾಗಿ ಓದಿಸಿಕೊಂಡೇ ಬಂದವು. ಮರೆಯಾದದ್ದು ಆ ಸಾಲಲ್ಲ, ಅದಕ್ಕೆ ಯಾರು ಹೊಣೆ ಎಂಬುದು.

2011ರ ಫೆಬ್ರುವರಿ 28ರಂದು ಹಣಕಾಸು ಸಚಿವ ಪ್ರಣಬ್ ಮುಖರ್ಜಿ ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಭಾಷಣದಲ್ಲಿ ಅದಕ್ಕೆ ಸಿಕ್ಕ ಜಾಗ ಒಂದು ವಾಕ್ಯ. ದೇಶದ ಲಕ್ಷಾಂತರ ಕೋಟಿ ರೂಪಾಯಿಯ ಲೆಕ್ಕದಲ್ಲಿ ಅದು ಯಾರ ಗಮನವನ್ನೂ ಸೆಳೆಯುವ ಮಾತಾಗಿರಲಿಲ್ಲ. ಶಿಡ್ಲಘಟ್ಟಕ್ಕೆ ಮಾತ್ರ ಆ ವರ್ಷದ ಬಜೆಟ್ ಎಂದರೆ ಆ ವಾಕ್ಯವೇ. ರಾಮನಗರವನ್ನು ಬಿಟ್ಟರೆ ರಾಜ್ಯದ ದೊಡ್ಡ ಗೂಡಿನ ಮಾರುಕಟ್ಟೆ ಇರುವುದು ಇಲ್ಲಿ. ಹರಾಜಿನಲ್ಲಿ ಗೂಡು ಕೂಗುವ, ಅದರಿಂದ ನೂಲು ತೆಗೆಯುವ ರೀಲರ್ ತನ್ನ ನೂಲಿಗೆ ಎಷ್ಟು ಸಿಗುತ್ತದೆ ಎಂದು ನೋಡಿಕೊಂಡು ಕೂಗುತ್ತಾನೆ. ಚೀನಾದ ನೂಲು ಅಗ್ಗವಾಗಿ ಬಂದು ಬಿದ್ದರೆ ರೀಲರ್‌ನ ನೂಲಿನ ಬೆಲೆ ಇಳಿಯುತ್ತದೆ. ನೂಲು ಇಳಿದರೆ ಗೂಡು ಇಳಿಯುತ್ತದೆ, ಗೂಡು ಇಳಿದರೆ ಹಿಪ್ಪುನೇರಳೆ ತೋಟಕ್ಕೆಂದು ಸಾವಿರ ಅಡಿ ಕೊರೆಸಿದ ಕೊಳವೆಬಾವಿಯ ಸಾಲ ಹಾಗೇ ಉಳಿಯುತ್ತದೆ.

ಇಲ್ಲಿ ಹುಳುವಿನ ಲೆಕ್ಕವನ್ನೂ ಹೇಳಬೇಕು. ದಿಲ್ಲಿಯಲ್ಲಿ ಸುಂಕ ಬರೆಯುವವರಿಗೆ ಗೊತ್ತಿರದ ಲೆಕ್ಕ ಅದು. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳು ಹಗಲು ರಾತ್ರಿ ಎನ್ನದೆ ಸೊಪ್ಪು ತಿನ್ನುತ್ತದೆ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟು ಗೂಡು ಬಿಡಿಸಿದ ಮೇಲೆ ರೈತನ ಕೈಯಲ್ಲಿರುವುದು ಕೆಲವೇ ದಿನ. ತಡ ಮಾಡಿದರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ತೂತು ಬಿದ್ದ ಗೂಡಿನಿಂದ ನೂಲು ತೆಗೆಯಲಾಗದು. ರಾಗಿಯಾದರೆ ಬೆಲೆ ಬರುವ ತನಕ ಮನೆಯಲ್ಲಿ ಇಟ್ಟುಕೊಳ್ಳಬಹುದು, ಗೂಡನ್ನು ಇಡಲಾಗದು. ಸುಂಕದ ಬದಲಾವಣೆಯಂತೂ ಸಾಮಾನ್ಯವಾಗಿ ಬಜೆಟ್ ಮಂಡನೆಯಾದ ರಾತ್ರಿಯಿಂದಲೇ ಜಾರಿಗೆ ಬರುತ್ತದೆ. ಸಂಸತ್ತು ಹಣಕಾಸು ಮಸೂದೆಯನ್ನು ಚರ್ಚಿಸಿ ಮತಕ್ಕೆ ಹಾಕುವ ಹೊತ್ತಿಗೆ ನಮ್ಮಲ್ಲಿ ಒಂದು ಬೆಳೆ ಮುಗಿದು ಇನ್ನೊಂದಕ್ಕೆ ಚಾಕಿ ಹುಳು ತಂದಿರುತ್ತಾರೆ. ಆ ವರ್ಷ ಗೂಡಿನ ಬೆಲೆ ಕುಸಿಯಿತು. ಬೆಳೆಗಾರರೂ ರೀಲರ್‌ಗಳೂ ಬೀದಿಗಿಳಿದರು. ದಿನವೂ ಹರಾಜಿನಲ್ಲಿ ಎದುರುಬದುರು ನಿಲ್ಲುವ ಈ ಎರಡು ಗುಂಪುಗಳು ಒಟ್ಟಿಗೆ ಕೂಗಿದವು ಎಂದರೆ ಏಟಿನ ಬಲ ಎಷ್ಟಿತ್ತೆಂದು ತಿಳಿಯುತ್ತದೆ.

ನನ್ನನ್ನು ಇವತ್ತಿಗೂ ಕಾಡುವುದು ಈ ಸಂಗತಿ: ಆಗ ಚಿಕ್ಕಬಳ್ಳಾಪುರದ ಸಂಸದ ಎಂ. ವೀರಪ್ಪ ಮೊಯಿಲಿ ಕೇಂದ್ರದ ಕಾನೂನು ಸಚಿವರು. ಶಿಡ್ಲಘಟ್ಟ ಮತ್ತು ಚಿಂತಾಮಣಿ ಸೇರಿರುವುದು ಕೋಲಾರ ಲೋಕಸಭಾ ಕ್ಷೇತ್ರಕ್ಕೆ. ಅಲ್ಲಿನ ಸಂಸದ ಕೆ.ಎಚ್. ಮುನಿಯಪ್ಪ, ಶಿಡ್ಲಘಟ್ಟ ತಾಲ್ಲೂಕಿನವರೇ, ರೈಲ್ವೆ ರಾಜ್ಯ ಸಚಿವರು. ಅಂದರೆ ಈ ಜಿಲ್ಲೆಯ ಮತ ಪಡೆದ ಇಬ್ಬರು ಸಂಸದರೂ ಆ ಸರ್ಕಾರದ ಒಳಗೇ ಇದ್ದರು. ಇದಕ್ಕಿಂತ ಹೆಚ್ಚಿನ ಪ್ರಾತಿನಿಧ್ಯವನ್ನು ಒಂದು ಜಿಲ್ಲೆ ಕೇಳುವುದಾದರೂ ಹೇಗೆ? ಆದರೂ ಆ ಒಂದು ವಾಕ್ಯದ ಮುಂದೆ ಆ ಪ್ರಾತಿನಿಧ್ಯ ನಮ್ಮ ಕೆಲಸಕ್ಕೆ ಬರಲಿಲ್ಲ.

ಇದನ್ನು ಅವರಿಬ್ಬರ ಮೇಲಿನ ದೂರು ಎಂದು ತಿಳಿಯಬಾರದು. ವ್ಯವಸ್ಥೆ ಇರುವುದೇ ಹಾಗೆ. ತೆರಿಗೆ ಪ್ರಸ್ತಾವಗಳು ಸಂಪುಟದ ಸದಸ್ಯರಿಗೂ ತಿಳಿಯುವುದು ಬಜೆಟ್ ಮಂಡನೆಯ ದಿನ ಬೆಳಿಗ್ಗೆ. ಆಮೇಲೆ ಮಸೂದೆ ಸದನಕ್ಕೆ ಬಂದಾಗ ಕೊನೆಗೆ ಇಡೀ ಕಟ್ಟಿಗೆ ಹೌದು ಅಥವಾ ಇಲ್ಲ ಎನ್ನಬೇಕು. ಹಣಕಾಸು ಮಸೂದೆ ಬಿದ್ದರೆ ಸರ್ಕಾರವೇ ಬಿದ್ದ ಹಾಗೆ, ಆದ್ದರಿಂದ ವಿಪ್ ಇದ್ದೇ ಇರುತ್ತದೆ. 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ ವಿಪ್ ಮೀರಿದವನು ಸದಸ್ಯತ್ವ ಕಳೆದುಕೊಳ್ಳಬೇಕು. ಗೂಡಿನ ಬೆಲೆಗಾಗಿ ಒಬ್ಬ ಸಂಸದ ದೇಶದ ಸೈನ್ಯದ, ಶಾಲೆಯ, ಆಸ್ಪತ್ರೆಯ ದುಡ್ಡಿಗೆಲ್ಲ ಬೇಡ ಎನ್ನಲಾರ. ಊರಿಗೆ ಬಂದಾಗ ಅವನ ಬಳಿ ಒಂದು ಉತ್ತರ ಸಿದ್ಧವಿರುತ್ತದೆ: ನಾನು ಬಜೆಟ್‌ಗೆ ಮತ ಹಾಕಿದೆ, ಸುಂಕ ಇಳಿಸಲು ಹಾಕಲಿಲ್ಲ. ಆ ಉತ್ತರ ಸುಳ್ಳೂ ಅಲ್ಲ. ಪ್ರತಿಯೊಬ್ಬ ಸಂಸದನೂ ಪ್ರಾಮಾಣಿಕವಾಗಿಯೇ ಹಾಗೆ ಹೇಳಬಲ್ಲ. ಎಲ್ಲರೂ ಒಪ್ಪಿದ, ಆದರೆ ಯಾರೂ ಮಾಡದ ತೀರ್ಮಾನ ಹೀಗೆ ಹುಟ್ಟುತ್ತದೆ.

ಹಿಂದೆ ಹೀಗಿರಲಿಲ್ಲ ಎಂಬುದಕ್ಕೆ ಇದೇ ರೇಷ್ಮೆ ಸಾಕ್ಷಿ. ಬ್ರಿಟಿಷರ ಕಾಲದಲ್ಲಿ ಚೀನಾ, ಜಪಾನುಗಳ ಅಗ್ಗದ ರೇಷ್ಮೆ ಬಂದು ಮೈಸೂರು ಸೀಮೆಯ ಬೆಳೆಗಾರರು ಕಂಗಾಲಾದಾಗ ಭಾರತೀಯ ಸುಂಕ ಮಂಡಳಿ ವಿಚಾರಣೆ ನಡೆಸಿತು. ಮೈಸೂರು, ಕಾಶ್ಮೀರ, ಬಂಗಾಳಗಳ ರೇಷ್ಮೆ ಕಸುಬಿಗೆ ರಕ್ಷಣೆ ಬೇಕೇ, ಬೇಕಾದರೆ ಎಷ್ಟು ಎಂದು ಪ್ರಶ್ನಾವಳಿ ಕಳಿಸಿ, ಸಾಕ್ಷ್ಯ ಕೇಳಿ, 1933ರಲ್ಲಿ ವರದಿ ಕೊಟ್ಟಿತು. 1934ರಲ್ಲಿ ರಕ್ಷಣಾ ಸುಂಕದ ಕಾನೂನು ಬಂತು. ಸುಂಕ ಸಾಕಾಗಲಿಲ್ಲ ಎಂದು ನಮ್ಮವರು ಗೊಣಗಿದ್ದು ಬೇರೆ ವಿಷಯ. ಗೊಣಗುವುದಕ್ಕೆ ಎದುರಿಗೆ ಒಂದು ವರದಿ ಇತ್ತು, ಅದರಲ್ಲಿ ಕಾರಣಗಳಿದ್ದವು, ಕಾರಣ ಬರೆದವರ ಹೆಸರುಗಳಿದ್ದವು. ಪರಕೀಯ ಸರ್ಕಾರ 1933ರಲ್ಲಿ ಗೂಡಿನ ಬೆಲೆಗೆ ಕೊಟ್ಟಷ್ಟು ವಿಚಾರಣೆಯನ್ನು ನಾವೇ ಆರಿಸಿದ ಸರ್ಕಾರ 2011ರಲ್ಲಿ ಕೊಡಲಿಲ್ಲ.

ಸುಂಕ ಇಳಿಸಿದ್ದೇ ಅನ್ಯಾಯ ಎಂದು ನಾನು ವಾದಿಸುತ್ತಿಲ್ಲ. ಬಾಗೇಪಲ್ಲಿ ದಾಟಿ ಆಂಧ್ರಕ್ಕೆ ಹೋದರೆ ಧರ್ಮಾವರಂ ಸಿಗುತ್ತದೆ. ಅಲ್ಲಿನ ಮಗ್ಗದವನಿಗೆ ನೂಲು ಅಗ್ಗವಾದರೆ ಒಲೆ ಉರಿಯುತ್ತದೆ. ಕಂಚಿ, ವಾರಾಣಸಿಗಳ ನೇಕಾರರದೂ ಅದೇ ಕಥೆ. ಅವರೂ ಬಡವರು, ನಮ್ಮ ನೂಲು ಕೊಳ್ಳುವವರಲ್ಲಿ ಅವರೂ ಇದ್ದಾರೆ. ಹಾಗಾಗಿ ಬೆಳೆಗಾರನ ಕಡೆ ವಾಲಬೇಕೋ ನೇಕಾರನ ಕಡೆ ವಾಲಬೇಕೋ ಎಂಬುದು ನಿಜಕ್ಕೂ ಕಷ್ಟದ ಪ್ರಶ್ನೆ, ಕಷ್ಟದ್ದಾದ್ದರಿಂದಲೇ ಅದನ್ನು ಬಿಡಿಯಾಗಿ ಎತ್ತಿಕೊಂಡು ಇಬ್ಬರನ್ನೂ ಕೂರಿಸಿ ಕೇಳಬೇಕಿತ್ತು. 2013ರಲ್ಲಿ ಚಿದಂಬರಂ ಶೇ 5ನ್ನು 15ಕ್ಕೆ ಏರಿಸಿದರು. ಮಧ್ಯೆ ಅದು 10ಕ್ಕೆ ಇಳಿದು 2021ರಲ್ಲಿ ನಿರ್ಮಲಾ ಸೀತಾರಾಮನ್ ಮತ್ತೆ 15 ಮಾಡಿದರು. ಏರಿದಾಗ ನಮ್ಮ ಮುಖಂಡರು ಅಭಿನಂದನೆ ಸಲ್ಲಿಸಿದರು. ಏರಿಕೆಯೂ ಇಳಿಕೆಯಷ್ಟೇ ಏಕಾಏಕಿ, ನೇಕಾರನನ್ನು ಕೇಳದೆ ಬಂದಿತ್ತು ಎಂಬುದನ್ನು ಯಾರೂ ಹೇಳಲಿಲ್ಲ. ಅನುಕೂಲವಾದಾಗ ಒಪ್ಪಿಕೊಂಡ ಪದ್ಧತಿಯನ್ನು ಅನನುಕೂಲವಾದಾಗ ಮಾತ್ರ ಅಕ್ರಮ ಎನ್ನಲಾಗುವುದಿಲ್ಲ.

ಇನ್ನು ಗುಟ್ಟಿನ ಮಾತಿಗೆ ಎಲ್ಲರೂ ಕೊಡುವ ಉದಾಹರಣೆ 2017ರ ಹಣಕಾಸು ಮಸೂದೆ. ಚುನಾವಣಾ ಬಾಂಡ್ ಬಂದದ್ದು ಅದರಲ್ಲೇ. ಅರುಣ್ ಜೇಟ್ಲಿ ಅದನ್ನು ಬಜೆಟ್ ಭಾಷಣದಲ್ಲಿ ಘೋಷಿಸಿದ್ದರು, ಸುಧಾರಣೆ ಎಂದು ಆಗ ಹೊಗಳಿದವರೂ ಇದ್ದರು. ಮಾರ್ಚ್ 21ರಂದು ಸರ್ಕಾರ ತಿದ್ದುಪಡಿಗಳ ದೊಡ್ಡ ಕಂತೆಯನ್ನೇ ತಂದಿತು. ನ್ಯಾಯಮಂಡಳಿಗಳ ವಿಲೀನ, ಪ್ಯಾನ್‌ಗೆ ಆಧಾರ್ ಕಡ್ಡಾಯ, ಕಂಪನಿಗಳು ಪಕ್ಷಗಳಿಗೆ ಕೊಡುವ ದೇಣಿಗೆಗೆ ಇದ್ದ ಮೂರು ವರ್ಷದ ಸರಾಸರಿ ಲಾಭದ ಶೇ 7.5ರ ಮಿತಿಯ ರದ್ದತಿ, ಎಲ್ಲ ಅದರೊಳಗೆ. ಮರುದಿನವೇ ಲೋಕಸಭೆ ಮಸೂದೆಗೆ ಒಪ್ಪಿಗೆ ಕೊಟ್ಟಿತು. ರಾಜ್ಯಸಭೆ ಐದು ತಿದ್ದುಪಡಿಗಳನ್ನು ಸೂಚಿಸಿ ವಾಪಸ್ ಕಳಿಸಿತು, ಮಾರ್ಚ್ 30ರಂದು ಲೋಕಸಭೆ ಐದನ್ನೂ ತಳ್ಳಿಹಾಕಿತು. ಸಂವಿಧಾನದ 110ನೇ ವಿಧಿಯ ಪ್ರಕಾರ ತೆರಿಗೆ, ಸಾಲ, ಸಂಚಿತ ನಿಧಿಯಂಥ ವಿಷಯಗಳು ಮಾತ್ರ ಇರುವುದು ಹಣದ ಮಸೂದೆ, ಯಾವುದು ಹಣದ ಮಸೂದೆ ಎಂಬುದಕ್ಕೆ ಸ್ಪೀಕರ್ ಮಾತೇ ಅಂತಿಮ. ಆ ಮುದ್ರೆ ಬಿದ್ದ ಮೇಲೆ ರಾಜ್ಯಸಭೆ ಸಲಹೆ ಕೊಡಬಹುದು, ತಡೆಯಲಾಗದು.

ಆ ಹೊತ್ತಿಗೆ ಸಂಸತ್ತಿನ ಹಣಕಾಸು ಸ್ಥಾಯಿ ಸಮಿತಿಯ ಅಧ್ಯಕ್ಷರಾಗಿದ್ದವರು ನಮ್ಮ ಸಂಸದ ಮೊಯಿಲಿಯವರೇ. ಆಗ ಅವರು ವಿರೋಧ ಪಕ್ಷದ ಸಾಲಿನಲ್ಲಿದ್ದರು. ಇಲಾಖೆಗಳ ಬೇಡಿಕೆಗಳು ಸ್ಥಾಯಿ ಸಮಿತಿಗಳ ಮುಂದೆ ಹೋಗುತ್ತವೆ, ಹಣಕಾಸು ಮಸೂದೆ ಹೋಗುವುದಿಲ್ಲ. ಹಣಕಾಸು ಸಮಿತಿಯನ್ನು ಹಾಯದೆ ಹಣಕಾಸು ಮಸೂದೆ ದೇಶದ ಚುನಾವಣೆಯ ಹಣದ ದಾರಿಯನ್ನೇ ಬದಲಿಸಿತು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಬಾಂಡ್ ಯೋಜನೆಯನ್ನೂ ದೇಣಿಗೆ ಮಿತಿಯ ರದ್ದತಿಯನ್ನೂ ಅಸಾಂವಿಧಾನಿಕ ಎಂದಿತು. ಅಷ್ಟರಲ್ಲಿ 16 ಸಾವಿರ ಕೋಟಿ ರೂಪಾಯಿಗೂ ಮೀರಿದ ಬಾಂಡ್‌ಗಳು ಮಾರಾಟವಾಗಿದ್ದವು, ಮಧ್ಯೆ ಒಂದು ಲೋಕಸಭಾ ಚುನಾವಣೆಯೂ ನಮ್ಮದೇ ಸೇರಿ ಹಲವು ವಿಧಾನಸಭಾ ಚುನಾವಣೆಗಳೂ ಮುಗಿದಿದ್ದವು. ಏಳು ವರ್ಷದ ಮೇಲೆ ಬಂದ ತೀರ್ಪು ಚಲಾವಣೆಯಾದ ಮತವನ್ನು ವಾಪಸ್ ತರಲಾರದು. ನ್ಯಾಯಾಲಯ ಇದೆಯಲ್ಲ, ಅದು ನೋಡಿಕೊಳ್ಳುತ್ತದೆ ಎನ್ನುವವರು ಇದನ್ನು ಯೋಚಿಸಬೇಕು. ಆಧಾರ್ ಕಾನೂನೂ 2016ರಲ್ಲಿ ಹಣದ ಮಸೂದೆಯಾಗಿಯೇ ಬಂದದ್ದು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರು ಹೊತ್ತ ಪ್ರಕರಣದಲ್ಲಿ 2018ರಲ್ಲಿ ಬಹುಮತ ಅದನ್ನು ಒಪ್ಪಿತು. ನ್ಯಾಯಮೂರ್ತಿ ಚಂದ್ರಚೂಡ್ ಒಬ್ಬರೇ ಅದು ಸಂವಿಧಾನಕ್ಕೆ ಮಾಡಿದ ವಂಚನೆ ಎಂದು ಭಿನ್ನಮತ ಬರೆದರು.

ರೇಷ್ಮೆ ಸುಂಕ ಏರಿದ 2021ರ ಬಜೆಟ್‌ನದೇ ಇನ್ನೊಂದು ಸಾಲು. ಪೆಟ್ರೋಲಿಗೆ ಲೀಟರಿಗೆ 2.50 ರೂಪಾಯಿ, ಡೀಸೆಲಿಗೆ 4 ರೂಪಾಯಿ ಕೃಷಿ ಮೂಲಸೌಕರ್ಯ ಸೆಸ್ ಹಾಕಿ, ಅಬಕಾರಿ ಸುಂಕವನ್ನು ಹೆಚ್ಚೂಕಡಿಮೆ ಅಷ್ಟೇ ಇಳಿಸಲಾಯಿತು. ಚಿಂತಾಮಣಿಯ ಬಂಕಿನಲ್ಲಿ ಬೆಲೆ ಅದರಿಂದ ಬದಲಾಗಲಿಲ್ಲ, ಆದ್ದರಿಂದ ಸುದ್ದಿಯೂ ಆಗಲಿಲ್ಲ. ಮೂಲ ಅಬಕಾರಿ ಸುಂಕದಲ್ಲಿ ರಾಜ್ಯಗಳಿಗೆ ಪಾಲುಂಟು, ಸೆಸ್‌ನಲ್ಲಿ ಇಲ್ಲ. ಅದನ್ನು ಮಂಡಿಸಿದ ಸಚಿವೆ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು.

ದಿಲ್ಲಿಯನ್ನು ದೂರಿ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ವಿಧಾನಸೌಧದಲ್ಲಿ ನಡೆಯುವುದು ನಮಗೆ ಇನ್ನೂ ಹತ್ತಿರದ್ದು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಉಪಯೋಜನೆಗೆ ಜನಸಂಖ್ಯೆಯ ಪ್ರಮಾಣದಲ್ಲಿ ಹಣ ಇಡಬೇಕೆಂದು 2013ರಲ್ಲಿ ಸಿದ್ದರಾಮಯ್ಯ ಸರ್ಕಾರ ಕಾನೂನು ಮಾಡಿತು. ಒಳ್ಳೆಯ ಕಾನೂನು, ದೇಶದಲ್ಲಿ ಆಂಧ್ರದ ನಂತರ ಬಂದದ್ದು. ಅದರ 7ನೇ ಸೆಕ್ಷನ್ನಿನ (ಡಿ) ಉಪವಿಧಿ ಮಾತ್ರ ಒಂದು ಬಾಗಿಲನ್ನು ತೆರೆದಿಟ್ಟಿತ್ತು. ರಸ್ತೆ, ನೀರಾವರಿಯಂಥ ಎಲ್ಲರಿಗೂ ಸೇರಿದ ದೊಡ್ಡ ಕಾಮಗಾರಿಯ ವೆಚ್ಚದಲ್ಲಿ ಒಂದು ಪಾಲನ್ನು ಪರಿಶಿಷ್ಟರಿಗೇ ಖರ್ಚಾಯಿತೆಂದು ಭಾವಿಸಿ ಲೆಕ್ಕ ಬರೆಯಬಹುದಾಗಿತ್ತು. ಕಾಂಗ್ರೆಸ್, ಮೈತ್ರಿ, ಬಿಜೆಪಿ, ಯಾವ ಸರ್ಕಾರ ಬಂದರೂ ಆ ಬಾಗಿಲು ತೆರೆದೇ ಇತ್ತು. ದಲಿತ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 2023ರಲ್ಲಿ 7(ಡಿ) ರದ್ದಾಯಿತು.

ಅದೇ 2023ರ ಬಜೆಟ್‌ನಲ್ಲಿ ಉಪಯೋಜನೆಯ ಸುಮಾರು 34 ಸಾವಿರ ಕೋಟಿಯಲ್ಲಿ 11 ಸಾವಿರ ಕೋಟಿಗೂ ಹೆಚ್ಚು ಹಣ ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಹೋಯಿತು. ಮರುವರ್ಷ 39 ಸಾವಿರ ಕೋಟಿಯಲ್ಲಿ 14 ಸಾವಿರ ಕೋಟಿ ದಾಟಿತು. ಸರ್ಕಾರದ ಸಮರ್ಥನೆ ಹೀಗಿದೆ: ಆ ಹಣ ಪರಿಶಿಷ್ಟ ಕುಟುಂಬಗಳ ಫಲಾನುಭವಿಗಳಿಗೇ ಹೋಗಿದೆ. ಇರಬಹುದು. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಗೌರಿಬಿದನೂರಿನ ಕೂಲಿ ಹೆಂಗಸಿನ ಕೈಯಲ್ಲಿ ಏನು ಮಾಡುತ್ತದೆ ಎಂದು ಬಲ್ಲವನು ಆ ಯೋಜನೆಯ ಬಗ್ಗೆ ಹಗುರವಾಗಿ ಮಾತಾಡಲಾರ. ಆದರೆ ಆ ಎರಡು ಸಾವಿರ ಆಕೆಗೆ ಸಿಗಬೇಕಾದದ್ದು ಈ ರಾಜ್ಯದ ಮನೆಯೊಡತಿಯಾಗಿ, ಪಕ್ಕದ ಬೀದಿಯ ಮೇಲ್ಜಾತಿಯ ಹೆಂಗಸಿಗೆ ಸಿಕ್ಕ ಹಾಗೆಯೇ. ಉಪಯೋಜನೆಯ ಹಣ ಇರುವುದು ಅದರ ಮೇಲೆ ಇನ್ನಷ್ಟು ಕೊಡಲು: ಆಕೆಯ ಮಗನಿಗೆ ಹಾಸ್ಟೆಲು, ಆಕೆಯ ಒಣ ಹೊಲಕ್ಕೆ ಗಂಗಾ ಕಲ್ಯಾಣದ ಕೊಳವೆಬಾವಿ, ಆಕೆಯ ಕೇರಿಗೆ ಚರಂಡಿ. ಎಲ್ಲರಿಗೂ ಕೊಡುವುದನ್ನೇ ಆಕೆಯ ಪಾಲಿನಿಂದ ಕೊಟ್ಟರೆ ಆಕೆ ತನ್ನ ಗ್ಯಾರಂಟಿಗೆ ತಾನೇ ದುಡ್ಡು ತೆತ್ತಂತಾಯಿತು. ಚಿಕ್ಕಬಳ್ಳಾಪುರ ಜಿಲ್ಲೆಯ ಜನರಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಪರಿಶಿಷ್ಟ ಜಾತಿಯವರು, ಎಂಟನೇ ಒಂದು ಪಾಲು ಪರಿಶಿಷ್ಟ ಪಂಗಡದವರು. ರಾಜ್ಯದ ಸರಾಸರಿಯನ್ನು ಮೀರಿದ ಪ್ರಮಾಣ ಇದು. ಈ ಲೆಕ್ಕ ತಪ್ಪಿದರೆ ಹೆಚ್ಚು ಕಳೆದುಕೊಳ್ಳುವ ಜಿಲ್ಲೆಗಳಲ್ಲಿ ನಮ್ಮದೂ ಒಂದು.

ಇದೂ ಗುಟ್ಟಲ್ಲ. ಬಜೆಟ್ ಪುಸ್ತಕದಲ್ಲಿ ಬೇರೆ ಸಂಪುಟವಾಗಿ ಅಚ್ಚಾಗಿದೆ, ಪತ್ರಿಕೆಗಳು ಬರೆದಿವೆ, ವಿರೋಧ ಪಕ್ಷ ಗಲಾಟೆ ಮಾಡಿದೆ. ಆದರೂ 2023ರಲ್ಲಿ ಗೆದ್ದ ನಮ್ಮ ಜಿಲ್ಲೆಯ ಶಾಸಕರು, ಅಂದರೆ ಚಿಂತಾಮಣಿಯ ಸಚಿವರು, ಚಿಕ್ಕಬಳ್ಳಾಪುರ ಮತ್ತು ಬಾಗೇಪಲ್ಲಿಯ ಕಾಂಗ್ರೆಸ್ ಶಾಸಕರು, ಶಿಡ್ಲಘಟ್ಟದ ಜೆಡಿಎಸ್ ಶಾಸಕರು, ಗೌರಿಬಿದನೂರಿನ ಪಕ್ಷೇತರರು, ಈ ವರ್ಗಾವಣೆಗೆ ಒಪ್ಪಿದರೇ ಇಲ್ಲವೇ ಎಂದು ಕೇಳಿದರೆ ತೋರಿಸಲು ಪ್ರತ್ಯೇಕ ಮತವೇ ಇಲ್ಲ. ಧನವಿನಿಯೋಗ ಮಸೂದೆಯೊಂದೇ ಇದೆ. ವಿಧಾನ ಪರಿಷತ್ತಿಗಂತೂ ಹಣದ ಮಸೂದೆಯನ್ನು ಹದಿನಾಲ್ಕು ದಿನ ಇಟ್ಟುಕೊಂಡು ಸಲಹೆ ಕೊಡುವುದರ ಹೊರತು ಏನೂ ಮಾಡಲಾಗದು.

ಬಜೆಟ್‌ನಲ್ಲಿ ಏನು ಸಿಕ್ಕಿತು ಎಂದು ಕೇಳುವ ಅಭ್ಯಾಸ ನಮ್ಮ ಕಣ್ಣನ್ನು ಬೇರೆ ಕಡೆ ತಿರುಗಿಸುತ್ತದೆ ಎಂದೆ, ಹೊಣೆ ಮರೆಯಾಗುವ ಈ ಸ್ಥಿತಿಯನ್ನು ಅದು ಗಟ್ಟಿಯೂ ಮಾಡುತ್ತದೆ. ಕುಮಾರಸ್ವಾಮಿ ಬಜೆಟ್‌ನಲ್ಲಿ ಕನಕಪುರಕ್ಕೆಂದು ಇದ್ದ ವೈದ್ಯಕೀಯ ಕಾಲೇಜು 2019ರಲ್ಲಿ ಯಡಿಯೂರಪ್ಪ ಸರ್ಕಾರದಲ್ಲಿ ಚಿಕ್ಕಬಳ್ಳಾಪುರಕ್ಕೆ ಬಂತು. ಡಿ.ಕೆ. ಶಿವಕುಮಾರ್ ಬಹಿರಂಗವಾಗಿಯೇ ಪ್ರತಿಭಟಿಸಿದರು, ನಾವು ಸಂಭ್ರಮಿಸಿದೆವು. ನಮಗೆ ಕಾಲೇಜು ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸದನ ಒಪ್ಪಿದ ಬಜೆಟ್‌ನ ಘೋಷಣೆಯೊಂದು ಉಪಚುನಾವಣೆಯ ಹೊಸ್ತಿಲಲ್ಲಿ ಹೀಗೆ ಊರು ಬದಲಿಸಬಹುದಾದರೆ, ನಮಗೆ ಬಂದದ್ದು ನಾಳೆ ಇನ್ನೊಂದು ಊರಿಗೆ ಹೋಗುವುದಕ್ಕೂ ನಾವು ಅಂದೇ ಒಪ್ಪಿಗೆ ಕೊಟ್ಟಂತಾಯಿತು.

ನನ್ನ ವಾದಕ್ಕೆ ಬರುವ ಬಲವಾದ ಆಕ್ಷೇಪ ಒಂದಿದೆ. ತೆರಿಗೆ ಬದಲಾವಣೆ ಮೊದಲೇ ಗೊತ್ತಾದರೆ ವ್ಯಾಪಾರಿಗಳು ದಾಸ್ತಾನು ಮಾಡುತ್ತಾರೆ, ಬೊಕ್ಕಸಕ್ಕೆ ನಷ್ಟ, ಆದ್ದರಿಂದ ಎಲ್ಲವೂ ಒಮ್ಮೆಲೇ ಬರಬೇಕು ಎನ್ನುತ್ತಾರೆ. ಜಿಎಸ್‌ಟಿ ಬಂದ ಮೇಲೆ ಈ ಮಾತಿಗೆ ಹಿಂದಿನ ತೂಕವಿಲ್ಲ. 2025ರ ಆಗಸ್ಟ್ 15ರಂದು ದರ ಇಳಿಕೆಯ ಸೂಚನೆ ಕೊಟ್ಟು, ಸೆಪ್ಟೆಂಬರ್ 3ರಂದು ಮಂಡಳಿ ತೀರ್ಮಾನಿಸಿ, 22ರಿಂದ ಜಾರಿಗೆ ತಂದರು. ಕೆಲವರು ಕೊಳ್ಳುವುದನ್ನು ಮುಂದೂಡಿದರು, ಅಷ್ಟೇ. ದೇಶವೆಲ್ಲ ಕೊಳ್ಳುವ ಸರಕಿನ ತೆರಿಗೆಯನ್ನು ಐದು ವಾರ ಮೊದಲೇ ಹೇಳಬಹುದಾದರೆ ಕಚ್ಚಾ ರೇಷ್ಮೆಯ ಸುಂಕಕ್ಕೆ ಮಾತ್ರ ಗೌಪ್ಯ ಏಕೆ ಬೇಕು?

ಈ ನೆಲಕ್ಕೆ ಇದು ಹೊಸದೂ ಅಲ್ಲ. 1881ರಲ್ಲಿ ರಂಗಾಚಾರ್ಲು ದಿವಾನರಾಗಿದ್ದಾಗ ಶುರುವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ 1923ರ ಕಾಯ್ದೆ ಒಂದು ಹಕ್ಕು ಕೊಟ್ಟಿತ್ತು: ಹೊಸ ತೆರಿಗೆ ಹಾಕುವ ಮುನ್ನ ಸಭೆಯ ಅಭಿಪ್ರಾಯ ಕೇಳಬೇಕು. ತಾಲ್ಲೂಕಿನ ಪ್ರತಿನಿಧಿಗಳು ಎದ್ದು ನಿಂತು ತಮ್ಮ ತಾಲ್ಲೂಕಿನ ಅಹವಾಲನ್ನು ಬಿಡಿಬಿಡಿಯಾಗಿ ಹೇಳುತ್ತಿದ್ದರು, ದಿವಾನರು ಬಿಡಿಬಿಡಿಯಾಗಿ ಉತ್ತರ ಕೊಡುತ್ತಿದ್ದರು. ಆ ಸಭೆಗೆ ಅಧಿಕಾರ ಕಡಿಮೆಯಿತ್ತು, ಮತದಾರರು ಉಳ್ಳವರೇ ಆಗಿದ್ದರು. ಅದನ್ನು ಮತ್ತೆ ತರಬೇಕೆಂದು ಯಾರೂ ಕೇಳುವುದಿಲ್ಲ. ಬಿಡಿಯಾಗಿ ಕೇಳಿ ಬಿಡಿಯಾಗಿ ಉತ್ತರ ಪಡೆಯುವ ಪದ್ಧತಿಯನ್ನು ಮಾತ್ರ ನಾವು ಕಳೆದುಕೊಳ್ಳಬೇಕಿರಲಿಲ್ಲ.

ಹಾಗಾಗಿ ಮುಂದಿನ ಬಜೆಟ್‌ಗೆ ಮುನ್ನ ಈ ಜಿಲ್ಲೆಯವರು ಸಂಸದರ ಬಳಿ, ಶಾಸಕರ ಬಳಿ ಅನುದಾನದ ಪಟ್ಟಿಯ ಜೊತೆಗೆ ಇನ್ನೂ ಕೆಲವನ್ನು ಕೇಳಬೇಕು. ಕಚ್ಚಾ ರೇಷ್ಮೆಯ ಸುಂಕ ಬದಲಾಗುವುದಾದರೆ ಅದು ಜಾರಿಗೆ ಬರುವ ಮುನ್ನ ಸ್ಥಾಯಿ ಸಮಿತಿಯ ಮುಂದೆ ಹೋಗಲಿ, ಸಮಿತಿ ಶಿಡ್ಲಘಟ್ಟದ ಮಾರುಕಟ್ಟೆಯಲ್ಲೂ ಧರ್ಮಾವರಂನ ಮಗ್ಗಗಳ ನಡುವೆಯೂ ಕೂತು ಕೇಳಲಿ. ತೆರಿಗೆಗೆ ಸಂಬಂಧಪಡದ ಕಾನೂನು ಹಣಕಾಸು ಮಸೂದೆಯೊಳಗೆ ಬಂದರೆ, ಅದು ತಮ್ಮ ಪಕ್ಷದ್ದೇ ಆಗಿದ್ದರೂ, ಸದನದಲ್ಲಿ ಎದ್ದು ಆಕ್ಷೇಪ ದಾಖಲಿಸುವುದಾಗಿ ಸಂಸದರು ಚುನಾವಣೆಗೆ ಮೊದಲೇ ಬರೆದುಕೊಡಲಿ. ಉಪಯೋಜನೆಯ ಹಣ ಬೇರೆ ಲೆಕ್ಕಕ್ಕೆ ಹೋಗುವುದಾದರೆ ಅದಕ್ಕೆ ಪ್ರತ್ಯೇಕ ನಿರ್ಣಯ ಬರಲಿ, ಯಾವ ಶಾಸಕ ಕೈ ಎತ್ತಿದರು, ಯಾರು ಎತ್ತಲಿಲ್ಲ ಎಂಬ ಪಟ್ಟಿ ತಾಲ್ಲೂಕು ಕಚೇರಿಯ ಗೋಡೆಗೆ ಅಂಟಲಿ.